ಏಳನೆಯ ಗುಂಡಿಯ ಅಂಗಳ

ಒಂಬತ್ತು ಗುಂಡಿಗಳ ಗಾಲ್ಫ್ ಮೈದಾನದಲ್ಲಿ ನಾಲ್ಕು ಮುಗಿದು ಐದು ಬಾಕಿ ಇರುವಾಗ ವಿನ್ಯಾಸಗಾರರು ಬೆನ್ನುನೋವೆಂದು ಕೈಬಿಟ್ಟರು. ಸುಳ್ಳು ನೋವೇನಲ್ಲ. ಕೊನೆಯ ಸಲ ಬಂದಾಗ ಅವರನ್ನು ಜೀಪಿನಿಂದ ಇಳಿಸಲು ಇಬ್ಬರು ಬೇಕಾಗಿತ್ತು. ಆದರೂ ಫೆಬ್ರವರಿಯ ಆ ಬಿಸಿಲಿನಲ್ಲಿ, ಅರ್ಧ ಕೆತ್ತಿದ ಗುಡ್ಡ, ರಾಶಿ ಬಿದ್ದ ಪೈಪು, ನರ್ಸರಿಯಲ್ಲಿ ಬೆಳೆದು ನಿಂತ ಹುಲ್ಲು ಇವುಗಳ ನಡುವೆ ನನ್ನನ್ನು ಬಿಟ್ಟು ಹೋದರಲ್ಲ ಎಂದು ಸಿಟ್ಟು ಬಂದಿತ್ತು. ಸೈಟಿನ ಉಸ್ತುವಾರಿ ನನ್ನದು. ಮಣ್ಣು, ನೀರು, ಹುಲ್ಲು, ಜನ, ಅವರ ಮಧ್ಯಾಹ್ನದ ಗಂಜಿ, ಎಲ್ಲ ನನ್ನ ತಲೆಗೇ.

ಜಾಗ ಕಾಣಿಯೂರಿನಿಂದ ಸ್ವಲ್ಪ ಒಳಗೆ. ಕೆಳಗಿನ ಅರ್ಧ ಹಳೆಯ ಗೇರುಗುಡ್ಡೆ. ಮುಗಿದ ನಾಲ್ಕು ಗುಂಡಿಗಳು ಅಲ್ಲಿ. ಮೇಲಿನ ಅರ್ಧ ಪದವು. ಪದವು ಅಂದರೆ ಮನೆ ಕಟ್ಟುವ ಕೆಂಪು ಮುರಕಲ್ಲಿನ ಹಾಸು, ಅದರ ಮೇಲೆ ಗೇಣುದ್ದ ಮಣ್ಣು, ಮಣ್ಣಿನ ಮೇಲೆ ಮುಳಿಹುಲ್ಲು, ಮರವೆಂದು ಕರೆಯಬಹುದಾದದ್ದು ಮೂರೋ ನಾಲ್ಕೋ. ಉಳಿದ ಐದು ಗುಂಡಿಗಳು ಅಲ್ಲಿ ಆಗಬೇಕಿತ್ತು. ಎದುರಿನ ಗುಡ್ಡ ಆಗಲೇ ಕಲ್ಲಿನ ಕೋರೆಯಾಗಿತ್ತು. ಬೆಳಗಿನಿಂದ ಸಂಜೆಯ ತನಕ ಕಲ್ಲು ಕೊಯ್ಯುವ ಯಂತ್ರದ ಕಿರುಚಾಟ, ನಮ್ಮ ಬುತ್ತಿಯ ಮೇಲೆ ಕೆಂಪು ಧೂಳು.

ಜಾಗದ ಯಜಮಾನರು ಅಡಿಕೆ, ತೆಂಗು ಎರಡರಲ್ಲೂ ದೊಡ್ಡ ಕುಳ. ಅತಿಥಿಗಳು ಬಂದು ಉಳಿಯಲೆಂದು ಕೆಳಗೆ ಮನೆ ಕಟ್ಟಿಸಿದ್ದರು, ಅವರ ಆಟಕ್ಕೆಂದು ಈ ಮೈದಾನ. ಸ್ವತಃ ಗಾಲ್ಫ್ ಆಡಿದವರಲ್ಲ. "ಮಳೆ ಹಿಡಿಯುದರೊಳಗೆ ಮೇಲಿನ ಐದೂ ಹಸಿರಾಗ್ಬೇಕು. ನೋಡಿ ನನಗೆ ಸಮಾಧಾನ ಆಗ್ಬೇಕು. ಇಲ್ಲದಿದ್ರೆ ನಾಲ್ಕೇ ಸಾಕು. ಪದವನ್ನು ಕೋರೆಯವನಿಗೆ ಕೊಡ್ತೇನೆ, ಅವ ಕೇಳ್ತಾ ಇದ್ದಾನೆ" ಎಂದು ನೇರ ಹೇಳಿದ್ದರು. ಸಿಟ್ಟಿನಿಂದ ಹೇಳಿದ್ದಲ್ಲ. ಜಾಗ ಸುಮ್ಮನೆ ಬಿದ್ದಿರುವುದು ಅವರಿಗೆ ಆಗದು, ಅಷ್ಟೆ.

ನನಗೆ ಆ ಪದವಿನ ಮೇಲೆ ಆಸೆ ಹುಟ್ಟಿತ್ತು. ಕೆದಂಬಾಡಿಯಿಂದ ದಿನಾ ಬೈಕಿನಲ್ಲಿ ಬಂದು, ಮೈಕೈ ನೋಯಿಸಿಕೊಂಡು ಮೇಲೆ ಹತ್ತಿದರೆ ಅಲ್ಲಿ ಗಾಳಿ. ಸುತ್ತ ಎಲ್ಲಿ ನೋಡಿದರೂ ತೋಟಗಳ ತುದಿ, ದೂರದಲ್ಲಿ ಘಟ್ಟ. ಅದನ್ನು ಚೌಕ ಚೌಕ ಕೊಯ್ದು ಲಾರಿಗೆ ತುಂಬುವುದು ನನಗೆ ಬೇಡವಾಗಿತ್ತು. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಐವತ್ತು ದಾಟಿದವನು ಬೋಳುಗುಡ್ಡದ ಮೇಲೆ ಮನಸ್ಸಿಟ್ಟಿದ್ದಾನೆ ಎಂದರೆ ಜನ ನಗುತ್ತಾರೆ.

ಹೊಸ ವಿನ್ಯಾಸಗಾರ್ತಿ ಬಂದರು. ಮೈಸೂರು ಕಡೆಯವರು, ನಲವತ್ತರ ಆಸುಪಾಸು, ಮಾತು ಕಡಿಮೆ. ಮೊದಲ ದಿನ ಇಡೀ ಅವರು ಮಾಡಿದ್ದು ಇಷ್ಟೇ: ಪ್ಯಾಂಟಿನ ಜೇಬು ತುಂಬ ಚೆಂಡು ತುಂಬಿಕೊಂಡು ಪದವಿನ ಮೇಲೆ ನಡೆಯುವುದು, ಅಲ್ಲಲ್ಲಿ ಬಗ್ಗಿ ಚೆಂಡನ್ನು ಉರುಳಿಸುವುದು, ಅದು ಎಲ್ಲಿಗೆ ಹೋಗುತ್ತದೆಂದು ನೋಡುತ್ತ ನಿಲ್ಲುವುದು. ನಾನು ಹಿಂದೆ ಹಿಂದೆ, ಕೊಡೆ ಹಿಡಿದುಕೊಂಡು.

"ಮೇಡಂ, ಜೆಸಿಬಿ ಯಾವಾಗ ಬರ್ಲಿಕ್ಕೆ ಹೇಳ್ಬೇಕು?" ಎಂದೆ.

"ಈಗಲೇ ಬೇಡ. ಇಲ್ಲಿ ಆಗಲೇ ತುಂಬಾ ಇದೆ."

ನನಗೆ ಕಂಡದ್ದು ಕಲ್ಲು ಮಾತ್ರ. ಅವರ ಶೈಲಿಯೇ ಅದು ಎಂದು ನಿಧಾನಕ್ಕೆ ತಿಳಿಯಿತು. ಬಂಡೆ ಇದ್ದಲ್ಲೇ ಇರಬೇಕು, ಮುಳಿಹುಲ್ಲು ಅಂಚಿಗೆ ಹಾಗೇ ಬಿಡಬೇಕು, ನೆಲ ತಾನಾಗಿ ಚೆಂಡನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅದೇ ದಾರಿ. ನಾವು ದುಡಿಯಬೇಕಾದದ್ದು ಗ್ರೀನುಗಳಲ್ಲಿ. ಗ್ರೀನ್ ಎಂದರೆ ಗುಂಡಿ ಇರುವ ಜಾಗ. ಹುಲ್ಲನ್ನು ಕಂಬಳಿಯ ಹಾಗೆ ಗಿಡ್ಡ ಕತ್ತರಿಸಿರುತ್ತಾರೆ, ಅಲ್ಲಿ ಚೆಂಡನ್ನು ಬೀಸಿ ಹೊಡೆಯುವುದಿಲ್ಲ, ಮೆಲ್ಲಗೆ ಉರುಳಿಸುತ್ತಾರೆ. "ಕೈ ಹಾಕಿದ್ದೀವಿ ಅಂತ ಗೊತ್ತಾಗಬಾರದು" ಎಂದರು.

"ಹಾಗಾದ್ರೆ ಯಜಮಾನರಿಗೆ ನಾವು ತೋರಿಸುದು ಎಂತ?"

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮೊದಲಿನವರದ್ದು ಇದಕ್ಕೆ ಪೂರ್ತಿ ತಿರುಗಾಮುರುಗಾ. ಗೇರುಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿ, ದುಂಡಗಿನ ಕೊಳ ತೋಡಿ, ಎರಡೂ ಬದಿ ಸಾಲಾಗಿ ತಾಳೆ ಜಾತಿಯ ಗಿಡ ನೆಟ್ಟು, ನಡುವೆ ಹೂವಿನ ಪಾತಿ ಮಾಡಿದ್ದರು. ನಾವು ನಾವೇ ಅದನ್ನು ಮದುವೆ ಹಾಲ್ ಎಂದು ತಮಾಷೆ ಮಾಡುತ್ತಿದ್ದೆವು. ಆದರೆ ಅಲ್ಲಿ ಕೆಲಸ ಮಾಡಿದ್ದು ಕಣ್ಣಿಗೆ ಕಾಣುತ್ತಿತ್ತು. ಈ ಮೇಡಂ ಅದನ್ನು ನೋಡಿ ಏನೆನ್ನುತ್ತಾರೋ ಎಂಬ ಕುತೂಹಲದಿಂದಲೇ ಒಂದು ದಿನ ಎರಡನೆಯ ಗುಂಡಿಗೆ ಕರೆದುಕೊಂಡು ಹೋದೆ. ಬೈಯುತ್ತಾರೆಂದು ಅಂದಾಜಿತ್ತು. ಇಬ್ಬರೂ ಸೇರಿ ಬೈದರೆ ನನಗೂ ಸ್ವಲ್ಪ ಹಗುರಾಗುತ್ತಿತ್ತು.

ಅವರು ಕೊಳದ ಈಚೆ ನಿಂತು ಬಹಳ ಹೊತ್ತು ನೋಡಿದರು. ಒಂದು ಚೆಂಡು ಹೊಡೆದರು, ಅದು ನೀರಿಗೆ ಬಿತ್ತು. ಇನ್ನೊಂದು ಹೊಡೆದರು. "ಚೆನ್ನಾಗಿ ಮಾಡಿದ್ದಾರೆ" ಎಂದರು.

"ನಿಮಗೆ ಇಷ್ಟ ಆಯ್ತಾ?"

"ನನಗೆ ಇಷ್ಟ ಆಗೋದು ಬೇರೆ, ಅದು ಚೆನ್ನಾಗಿರೋದು ಬೇರೆ. ಅವರು ಹೆದರಿಸಬೇಕು ಅಂದ್ಕೊಂಡಿದ್ದಾರೆ, ಹೆದರಿಸಿದ್ದಾರೆ. ತಾಳೆಮರದ ಸಾಲು ನೋಡಿ, ನೀರಿನ ಕಡೆಗೇ ಕಣ್ಣು ಎಳೆಯುತ್ತೆ. ನಾನಾಗಿದ್ರೆ ಮಾಡ್ತಿರಲಿಲ್ಲ. ಆದರೆ ಇದನ್ನ ಅವರ ಕಣ್ಣಿಂದ ನೋಡಬೇಕು, ನನ್ನ ಕಣ್ಣಿಂದಲ್ಲ."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ದೊಡ್ಡ ಮನಸ್ಸು ಎಂದುಕೊಂಡೆ. ಹಾಗೆ ಹೇಳುವುದು ಸುಲಭ ಎಂದೂ ಅಂದುಕೊಂಡೆ, ಯಾಕೆಂದರೆ ಆ ನಾಲ್ಕು ಗುಂಡಿಗಳಲ್ಲಿ ಅವರು ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಮಾರ್ಚ್ ಪೂರ್ತಿ ಗ್ರೀನುಗಳ ಕೆಲಸ. ಮೊದಲು ಮುರಕಲ್ಲನ್ನು ಪಿಕ್ಕಾಸಿನಲ್ಲಿ ಕಡಿದು ಚಡಿ ಮಾಡುವುದು, ಚಡಿಗೆ ಜಲ್ಲಿ ತುಂಬುವುದು, ಅದರ ಮೇಲೆ ಕೆಂಪು ಮಣ್ಣು, ಹೊಳೆಯ ಮರಳು, ಒಣಗಿಸಿ ಪುಡಿ ಮಾಡಿದ ಹಟ್ಟಿಗೊಬ್ಬರ ಬೆರೆಸಿ ಒಂದು ಅಡಿ ದಪ್ಪಕ್ಕೆ ಹರಡುವುದು. ಆಮೇಲೆ ಆಕಾರ. ಮೇಡಂ ಜೆಸಿಬಿಯ ಪಕ್ಕದಲ್ಲೇ ನಿಂತು ಆಪರೇಟರನಿಗೆ "ಇನ್ನೊಂದು ಚೂರು, ಸಾಕು, ಇಲ್ಲ, ವಾಪಸ್ ಹಾಕಿ" ಎನ್ನುತ್ತಿದ್ದರು. ಆ ಪಾಪದವನು ಸಂಜೆ ಹೊತ್ತಿಗೆ ಬೀಡಿ ಹಚ್ಚಲೂ ಶಕ್ತಿಯಿಲ್ಲದೆ ಕೂತಿರುತ್ತಿದ್ದ. ಐದು, ಆರು ಮುಗಿದವು. ಏಳನೆಯದಕ್ಕೆ ಅವರು ತೆಗೆದುಕೊಂಡ ಸಮಯ ಹೇಳಿ ಸುಖವಿಲ್ಲ. ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಒಂದು ಏರು, ಅದರ ಆಚೆ ಎರಡು ತಗ್ಗು, ಮೂಲೆಯಲ್ಲಿ ಒಂದು ಸಣ್ಣ ಮಡಿಕೆ. "ಇದೇ ನನ್ನ ಮೈದಾನದ ಜೀವ" ಎಂದರು ಒಮ್ಮೆ. ಅವರ ಬಾಯಿಂದ ಅಂಥ ಮಾತು ಬಂದದ್ದು ಅದೊಂದೇ ಸಲ.

ಕೈಕೆಲಸಕ್ಕೆ ಇದ್ದ ತಂಡ ಸುಳ್ಯದ ಆಲೆಟ್ಟಿಯದು. ಅದರ ಮೇಸ್ತ್ರಿಗೆ ಊರಲ್ಲಿ ಸ್ವಂತ ತೋಟ ಉಂಟು. ಅಡಿಕೆ ಕೊಯ್ಲು ಮುಗಿದ ಮೇಲೆ ನೆರೆಕರೆಯ ಏಳೆಂಟು ಜನರನ್ನು ಕಟ್ಟಿಕೊಂಡು ಮಣ್ಣಿನ ಕೆಲಸಕ್ಕೆ ಹೊರಡುತ್ತಾರೆ. ಮನೆಯವರ ಹತ್ತಿರ ಅರೆಭಾಷೆ, ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದರೆ ತುಳು. ಅವರಿಗೆ ಹೆಸರಿದ್ದದ್ದು ಅಂಗಳಕ್ಕೆ. ಮಳೆಗಾಲ ಮುಗಿದೊಡನೆ ಅಡಿಕೆ ಒಣಗಿಸುವ ಅಂಗಳವನ್ನು ಪ್ರತಿ ಮನೆಯವರೂ ಹೊಸದಾಗಿ ಮಾಡಬೇಕಲ್ಲ, ಕೆತ್ತಿ, ನೀರು ಹಾಕಿ, ಹಗ್ಗ ಹಿಡಿದು ಮಟ್ಟ ನೋಡಿ, ಹಲಗೆಯಲ್ಲಿ ಬಡಿದು, ಸೆಗಣಿ ಸಾರಿಸಿ. ಅವರ ಕೈಯಲ್ಲಿ ಆದ ಅಂಗಳದಲ್ಲಿ ನೀರು ಒಂದು ಕಡೆಯೂ ನಿಲ್ಲುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅವರೂ ಹೇಳುತ್ತಿದ್ದರು, ಜನರಿಗಿಂತ ಹೆಚ್ಚು.

ಏಪ್ರಿಲ್ ಮೊದಲಿಗೆ ಮೇಡಂಗೆ ಇನ್ನೊಂದು ಕೆಲಸದ ಮೇಲೆ ಹೋಗಬೇಕಾಗಿ ಬಂತು. ಹೋಗುವಾಗ ಏಳನೆಯದರ ಮೇಲ್ಮೈಯ ಕಲ್ಲು ಹೆಕ್ಕಿ, ನುಣ್ಣಗೆ ಎಳೆದು, ಹುಲ್ಲು ನೆಡಲು ತಯಾರಿಡಿ ಎಂದರು. "ಆಕಾರ ಮಾತ್ರ ಮುಟ್ಟಬೇಡಿ." ಮೇಸ್ತ್ರಿಗೆ ನಾನು ಅದನ್ನು ಹಾಗೆಯೇ ಹೇಳಿದೆ, ಎರಡು ಸಲ. "ಆಯ್ತು ಮಾರಾಯ್ರೆ, ಎಷ್ಟು ಸಲ ಹೇಳುದು" ಎಂದರು. ಮರುದಿನವೇ ಸೈಟಿಗೆ ನೀರೆತ್ತುವ ಕೆರೆಯ ಪಂಪಿನ ಮೋಟಾರು ಸುಟ್ಟುಹೋಯಿತು. ಅದನ್ನು ಹೊತ್ತುಕೊಂಡು ಪುತ್ತೂರಿಗೆ ಹೋದವನು ವೈಂಡಿಂಗ್ ಆಗುವ ತನಕ ನಾಲ್ಕು ದಿನ ಅಲ್ಲೇ ಸಿಕ್ಕಿಬಿದ್ದೆ.

ವಾಪಸ್ ಬಂದು ಪದವು ಹತ್ತುವಾಗಲೇ ಮೂಗಿಗೆ ಸೆಗಣಿಯ ವಾಸನೆ ಬಂತು. ಹತ್ತಿದೆ. ಏಳನೆಯ ಗ್ರೀನ್ ಇದ್ದಲ್ಲಿ ಅಂಗಳ ಇತ್ತು.

ಅಂಥ ಅಂಗಳವನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ, ಅದನ್ನು ಹೇಳಲೇಬೇಕು. ದುಂಡಗೆ, ಅಂಚು ಕತ್ತರಿಸಿದ ಹಾಗೆ, ಒಂದು ಮಡಿಕೆಯಿಲ್ಲ, ಒಂದು ಉಬ್ಬಿಲ್ಲ. ಎಮ್ಮೆಯ ಬೆನ್ನು ಎಲ್ಲಿ ಹೋಯಿತೋ. ಮೇಲೆ ತೆಳ್ಳಗೆ ಸೆಗಣಿ ಸಾರಿಸಿ, ಅದು ಒಣಗುತ್ತ ಬಂದು ಹಸಿರು-ಬೂದು ಬಣ್ಣಕ್ಕೆ ತಿರುಗಿತ್ತು. ತಂಡದವರು ಅಂಚಿನಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಮುಖದಲ್ಲಿ ಎಂಥ ಸಂತೋಷ!

"ಇದು ಎಂತ ಮಾಡಿದ್ದು ಮಾರಾಯ್ರೆ?"

ಮೇಸ್ತ್ರಿ ಎದ್ದರು. ನನ್ನ ಮುಖ ನೋಡಿ ಅವರ ಮುಖವೂ ಸ್ವಲ್ಪ ಇಳಿಯಿತು. "ಕಲ್ಲು ಹೆಕ್ಕುವಾಗ ಒಂದು ತಗ್ಗು ತುಂಬಾ ಕಂಡಿತು. ಸ್ವಲ್ಪ ತುಂಬಿಸಿದೆವು. ತುಂಬಿಸಿದ ಮೇಲೆ ಆಚೆಯದ್ದು ಎತ್ತರ ಕಂಡಿತು. ಅದನ್ನು ಕೆತ್ತಿದೆವು. ಮತ್ತೆ ಕೈ ನಿಲ್ಲಲಿಲ್ಲ."

"ಮುಟ್ಟಬೇಡಿ ಅಂತ ಹೇಳಿದ್ದೆ ಅಲ್ವಾ ನಾನು?"

"ಹೇಳಿದ್ದೀರಿ. ಆದ್ರೆ ತಗ್ಗು ಬಿಟ್ಟು ಅಂಗಳ ಮಾಡಿದ್ರೆ ಅಲ್ಲಿ ಇಬ್ಬನಿ ಕೂತು ಅಡಿಕೆಗೆ ಬೂಷ್ಟು ಬರ್ತದೆ. ಅದು ಗೊತ್ತುಂಟಲ್ಲ ನಿಮಗೆ?"

"ಇಲ್ಲಿ ಅಡಿಕೆ ಹಾಕುದಿಲ್ಲ!"

"ಅದು ನನಗೂ ಗೊತ್ತುಂಟು" ಎಂದರು, ಸ್ವಲ್ಪ ನೊಂದುಕೊಂಡು. "ಕಣ್ಣಿಗೆ ಗೊತ್ತಾಗ್ಬೇಕಲ್ಲ."

ಬೈಯಲು ನನಗೆ ಮುಖವಿರಲಿಲ್ಲ. ನಾನೂ ಅಡಿಕೆ ಅಂಗಳದಲ್ಲೇ ಬೆಳೆದವನು. ಮೇಡಂ ಮಾಡಿದ ಆ ಏರುತಗ್ಗುಗಳನ್ನು ದಿನಾ ನೋಡುವಾಗ ನನ್ನ ಕಾಲಿನ ಹೆಬ್ಬೆರಳು ತಾನಾಗಿ ಮಣ್ಣು ಸರಿಸಲು ಹೋಗುತ್ತಿತ್ತು. ನೆರಳು ಇದ್ದಲ್ಲಿ ಹೋಗಿ ಕೂತೆ. ಅಷ್ಟು ಸುಸ್ತು ಆ ಇಡೀ ಕೆಲಸದಲ್ಲಿ ನನಗೆ ಬೇರೆ ಯಾವತ್ತೂ ಆಗಿರಲಿಲ್ಲ.

ಲೆಕ್ಕ ಹೀಗಿತ್ತು. ಜೆಸಿಬಿ ನಮಗೆ ಇನ್ನೊಂದು ವಾರಕ್ಕೆ ಮಾತ್ರ ಸಿಗುತ್ತಿತ್ತು, ಆಮೇಲೆ ಅದು ಕಡಬದ ಕಡೆ ರಸ್ತೆ ಕೆಲಸಕ್ಕೆ. ಎಂಟು ಮತ್ತು ಒಂಬತ್ತರ ಮಣ್ಣು ಹರಡಿ ಬಿದ್ದಿತ್ತು, ಆಕಾರ ಆಗಬೇಕಿತ್ತು. ಮೇಡಂ ಅವೆರಡಕ್ಕೂ ಬಿದಿರಿನ ಕಡ್ಡಿ ಚುಚ್ಚಿ, ಎಲ್ಲಿ ಎಷ್ಟು ಎತ್ತರ ಎಂದು ಗುರುತು ಹಾಕಿ ಹೋಗಿದ್ದರು. ಏಳನೆಯದನ್ನು ಒಡೆದು ಮತ್ತೆ ಮಾಡಿದರೆ ಅವೆರಡಕ್ಕೆ ಯಂತ್ರವಿಲ್ಲ. ನರ್ಸರಿಯ ಹುಲ್ಲು ಗರಿಕೆಯ ಜಾತಿಯದು; ಬಳ್ಳಿ ಕಿತ್ತು, ಗಂಟು ಗಂಟಾಗಿ ತುಂಡು ಮಾಡಿ ನೆಡಬೇಕು, ಮಳೆ ಜೋರಾಗುವ ಮೊದಲು ಅದು ಬೇರು ಹಿಡಿಯಬೇಕು. ಇಲ್ಲದಿದ್ದರೆ ಮೊದಲ ವಾರದ ಮಳೆಗೇ ಮಣ್ಣೆಲ್ಲ ಗುಡ್ಡ ಇಳಿದು ಹೋಗುತ್ತದೆ. ಮೇಲೆ ಮೂರು ಗುಂಡಿ ಹಸಿರು, ಎರಡು ಕೆಂಪು ಎಂದಾದರೆ ಯಜಮಾನರು ಹೇಳುವುದು ಗೊತ್ತೇ ಇತ್ತು. ಎದುರಿನ ಗುಡ್ಡದಿಂದ ಯಂತ್ರದ ಕಿರುಚಾಟ ಆವತ್ತು ಹೆಚ್ಚೇ ಕೇಳಿದ ಹಾಗಾಯಿತು.

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ ನನ್ನದು. ಸಂಜೆ ಆಪರೇಟರನನ್ನು ಕರೆದು, ನಾಳೆ ಬೆಳಿಗ್ಗೆ ಎಂಟನೆಯದಕ್ಕೆ ಹೋಗು ಎಂದೆ. ಆಮೇಲೆ ಮೇಡಂಗೆ ಫೋನು ಮಾಡಿದೆ. ನಡೆದದ್ದನ್ನು ಹೇಳಿದೆ, ನಾನು ಮಾಡಿದ್ದನ್ನೂ ಹೇಳಿದೆ. "ಬರ್ತೀನಿ" ಎಂದಷ್ಟೇ ಹೇಳಿ ಇಟ್ಟರು.

ಬಂದವರು ನೇರ ಏಳನೆಯ ಗುಂಡಿಗೆ ನಡೆದರು. ಅಂಚಿನಲ್ಲಿ ನಿಂತರು. ಅವರ ಕಣ್ಣಲ್ಲಿ ನೀರು ಬಂದದ್ದು ನನಗೆ ಕಂಡಿತು, ನಾನು ಬೇರೆ ಕಡೆ ನೋಡಿದೆ.

"ಮಷೀನು ಎಂಟನೇ ಗುಂಡಿಗೆ ಕಳಿಸೋಕೆ ನಿಮಗೆ ಹೇಳಿದ್ಯಾರು?"

"ಯಾರೂ ಹೇಳಿಲ್ಲ. ಇದನ್ನು ಪುನಃ ಮಾಡ್ಲಿಕ್ಕೆ ಹೋದ್ರೆ ಪದವೇ ಹೋಗ್ತದೆ ಮೇಡಂ."

"ಹೋಗಲಿ! ಅರ್ಧಂಬರ್ಧ ಮಾಡೋಕಿಂತ ಹೋಗೋದೇ ವಾಸಿ. ಸೆಗಣಿ ಬೇರೆ ಸಾರಿಸಿದ್ದೀರಲ್ಲ, ರಂಗೋಲಿ ಯಾಕೆ ಬಿಟ್ರಿ?"

ಮೇಸ್ತ್ರಿ ಅಲ್ಲೇ ಇದ್ದರು. ಓಡಿಹೋಗುವ ಜನ ಅವರಲ್ಲ. "ತಪ್ಪಾಯ್ತು ಮೇಡಂ. ಮಾಡಬಾರದಿತ್ತು. ಆದ್ರೆ ಒಂದು ಕೇಳ್ತೇನೆ, ಆ ತಗ್ಗು ಎಂತಕ್ಕೆ ನಿಮಗೆ?"

ಮೇಡಂ ಸಿಟ್ಟಿನಲ್ಲೇ ಹೇಳಲು ಶುರು ಮಾಡಿದರು. ಚೆಂಡು ಎಡದಿಂದ ಬಂದರೆ ಹೇಗೆ, ಬಲದಿಂದ ಬಂದರೆ ಹೇಗೆ, ಏರು ಅದನ್ನು ಎಲ್ಲಿಗೆ ತಳ್ಳುತ್ತಿತ್ತು. ಹೇಳುತ್ತ ಹೇಳುತ್ತ ಕೈಯಿಂದ ಗಾಳಿಯಲ್ಲಿ ಆ ಆಕಾರವನ್ನು ಬರೆದರು. ಮೇಸ್ತ್ರಿ ಕುತ್ತಿಗೆ ಓರೆ ಮಾಡಿ ಕೇಳಿದರು. ಅವರಿಗೆ ಅರ್ಥವಾದದ್ದು ನಾಲ್ಕರಲ್ಲಿ ಒಂದು ಪಾಲು ಇರಬಹುದು. ಕೊನೆಗೆ, "ಹಾಗಾದ್ರೆ ಇದರ ಮೇಲೆ ಒಮ್ಮೆ ಬಿಡಿ ನೋಡುವ" ಎಂದರು.

"ಇದರ ಮೇಲೆ ನೋಡೋಕೆ ಏನಿದೆ? ಕೇರಂ ಬೋರ್ಡು" ಎಂದು ಗೊಣಗುತ್ತ ಮೇಡಂ ಗಾಲ್ಫಿನ ಕೋಲು ತೆಗೆದುಕೊಂಡರು. ಗುರಿಗೆಂದು ನಡುವೆ ಒಂದು ತೆಂಗಿನ ಗೆರಟೆ ಕವುಚಿಟ್ಟು, ಹತ್ತು ಹೆಜ್ಜೆ ದೂರದಿಂದ ಚೆಂಡನ್ನು ಉರುಳಿಸಿದರು. ತಪ್ಪಿತು. ಇನ್ನೊಮ್ಮೆ. ಅದೂ ಅದೇ ಬದಿಗೆ ತಪ್ಪಿತು. ಅವರು ಬಗ್ಗಿ ನೆಲ ನೋಡಿದರು, ಕೂತು ನೋಡಿದರು, ನನ್ನನ್ನು ಕರೆದು "ಇದು ಯಾವ ಕಡೆ ಇಳಿಜಾರು ಕಾಣುತ್ತೆ ನಿಮಗೆ?" ಎಂದರು.

"ಮೂಡಕ್ಕೆ" ಎಂದೆ.

ಮೇಸ್ತ್ರಿ ನಕ್ಕರು. ಹಗ್ಗ ತಂದು, ನೀರು ತುಂಬಿದ ಟ್ಯೂಬು ಹಿಡಿದು ತೋರಿಸಿದರು. ಮೂಡಕ್ಕೂ ಇಲ್ಲ, ಪಡುವಣಕ್ಕೂ ಇಲ್ಲ. ನೀರು ಹೋಗಲೆಂದು ಬಡಗು ಅಂಚಿನ ಕಡೆಗೆ ಕೂದಲೆಳೆಯಷ್ಟು ಇಳಿಜಾರು, ಅಷ್ಟೆ. ಇಡೀ ಪದವು ಪಡುವಣಕ್ಕೆ ವಾಲಿದೆ, ಅಲ್ಲಿ ನಿಂತ ನಮ್ಮ ಕಣ್ಣಿಗೆ ಅದೇ ಮಟ್ಟ ಎಂದು ಅಭ್ಯಾಸವಾಗಿದೆ. ವಾಲದೆ ಇರುವ ನೆಲ ಸಿಕ್ಕಿದರೆ ಅದೇ ಉಲ್ಟಾ ವಾಲಿದ ಹಾಗೆ ಕಾಣುತ್ತದೆ. ಮೇಡಂ ಇನ್ನೂ ನಾಲ್ಕಾರು ಚೆಂಡು ಬಿಟ್ಟರು. ಇಳಿಜಾರಿಲ್ಲವೆಂದು ಗೊತ್ತಿದ್ದೂ ಕೈ ಕಣ್ಣಿನ ಮಾತನ್ನೇ ಕೇಳುತ್ತಿತ್ತು. ಕೊನೆಗೆ ಅಂಗಳದ ಮಧ್ಯೆಯೇ ಕೂತುಬಿಟ್ಟರು.

"ಹಿಂದೆ ಆರು, ಮುಂದೆ ಎಂಟು, ಎರಡರಲ್ಲೂ ನೆಲ ಕುಣಿಯುತ್ತೆ. ನಡುವೆ ಇದೊಂದು ಸುಮ್ಮನೆ ಮಲಗಿದೆ. ಸುಮ್ಮನೆ ಮಲಗಿ ಮೋಸ ಮಾಡುತ್ತೆ" ಎಂದರು ತಮ್ಮಷ್ಟಕ್ಕೇ. ಆಮೇಲೆ ನಮ್ಮ ಕಡೆ ತಿರುಗಿ, "ಇದನ್ನ ನಾನು ಯಾವತ್ತೂ ಯೋಚನೆ ಮಾಡ್ತಿರಲಿಲ್ಲ. ಇದು ಹೀಗೇ ಇರಲಿ. ಆದರೆ ನಂದೇ ಇದಕ್ಕಿಂತ ಚೆನ್ನಾಗಿತ್ತು. ಅದನ್ನ ನಾನು ಹೇಳ್ತಾನೇ ಇರ್ತೀನಿ" ಎಂದರು.

"ಹೇಳಿ ಮೇಡಂ" ಎಂದರು ಮೇಸ್ತ್ರಿ. "ಹೇಳ್ಬೇಕಾದ್ದೇ."

ಇರಲಿ ಎಂದಷ್ಟಕ್ಕೆ ಮುಗಿಯಲಿಲ್ಲ. ಬಡಿದ ನೆಲದಲ್ಲಿ ಗರಿಕೆ ಬೇರು ಬಿಡುವುದುಂಟೇ? ಹುಲ್ಲು ಮೊಳೆಯಬಾರದೆಂದೇ ಅಲ್ಲವೇ ಅಂಗಳ ಬಡಿಯುವುದು. ಒಡೆದರೆ ಮಟ್ಟ ಹೋಗುತ್ತದೆ. ಮೇಡಂ ಒಂದು ಉಪಾಯ ಹೇಳಿದರು: ಬೆರಳು ದಪ್ಪದ ಕಬ್ಬಿಣದ ಸರಳಿನಿಂದ ಇಡೀ ಅಂಗಳಕ್ಕೆ ಗೇಣಿಗೊಂದರಂತೆ ಜಲ್ಲಿಯ ತನಕ ತೂತು ಹೊಡೆಯುವುದು, ತೂತಿಗೆ ಮರಳು ತುಂಬುವುದು, ಮೇಲಿನ ಸೆಗಣಿಯ ಪದರವನ್ನು ಕೆರೆದು, ತೂತಿನ ಬಾಯಿಗೇ ಹುಲ್ಲಿನ ಗಂಟು ನೆಡುವುದು.

ಮೇಸ್ತ್ರಿ ಸರಳು ಕೈಗೆ ತೆಗೆದುಕೊಂಡರು. "ಅಂಗಳಕ್ಕೆ ತೂತು ಹೊಡೆಯುದಾ" ಎಂದರು. ಆಮೇಲೆ ಅವರೇ ಮೊದಲಿನದನ್ನು ಹೊಡೆದರು. ಮತ್ತೆ ದಿನಗಟ್ಟಲೆ ಅದೇ ಕೆಲಸ, ಬಿಸಿಲು ಏರುವ ಮುಂಚೆ ಒಂದಿಷ್ಟು, ಇಳಿದ ಮೇಲೆ ಒಂದಿಷ್ಟು. ಮೇಡಂ, ನಾನು, ಎಲ್ಲರೂ ಸರಳು ಹಿಡಿದೆವು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಇಷ್ಟು ಗರಿಕೆ ನೆಟ್ಟದ್ದಕ್ಕೆ ಗಣಪತಿಯೇ ಇಳಿದು ಬಂದಾನು ಎಂದು ತಂಡದವರು ತಮಾಷೆ ಮಾಡುತ್ತಿದ್ದರು, ಕೆಲವು ದಿನಗಳ ನಂತರ ಅದೂ ನಿಂತಿತು. ಆಚೆ ಎಂಟು, ಒಂಬತ್ತರ ಆಕಾರ ಮುಗಿದು ಜೆಸಿಬಿ ಹೊರಟುಹೋಯಿತು.

ನೆಟ್ಟು ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಒಂದು ಸಂಜೆ ಗುಡುಗು ಸಮೇತ ಮಳೆ ಹೊಡೆಯಿತು. ಮರುದಿನ ಹೋಗಿ ನೋಡಿದರೆ, ಅಂಗಳದ ಮೇಲೆ ಒಂದು ತೊಟ್ಟು ನೀರಿಲ್ಲ. ಮೇಸ್ತ್ರಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆದರೆ ಅಷ್ಟೂ ನೀರು ಒಂದೇ ಕಡೆ ನುಗ್ಗಿ, ಬಡಗು ಅಂಚನ್ನು ಕೊರೆದು, ಅಲ್ಲಿನ ಮರಳು, ಹುಲ್ಲು ಎಲ್ಲವನ್ನೂ ಎಳೆದುಕೊಂಡು ಹೋಗಿತ್ತು. ಹುಬ್ಬು ಅಲ್ಲಿಗೆ ಇಳಿಯಿತು. ಐದು, ಆರರಲ್ಲಿ ತಗ್ಗುಗಳಲ್ಲಿ ಕೆಸರು ಕೂತಿತ್ತು, ಅಂಚು ಮಾತ್ರ ಗಟ್ಟಿ. ನೀರು ಹತ್ತು ಕಡೆ ಹಂಚಿಹೋಗಿ ಮುಳಿಹುಲ್ಲಿನಲ್ಲಿ ಇಂಗಿತ್ತು. ಮೇಡಂ ಅಂಗಳದ ಅಂಚನ್ನು ನೋಡಿ, ಸಿಮೆಂಟಿನ ಚರಂಡಿ ಮಾಡೋಣವೆಂದ ನನ್ನನ್ನು ತಡೆದರು. ಅಂಚಿನುದ್ದಕ್ಕೂ ಅಗಲವಾದ, ಆಳವಿಲ್ಲದ ಒಂದು ತಗ್ಗನ್ನು ಕೈಯಲ್ಲೇ ಎಳೆಸಿ, ನೀರನ್ನು ಮುಳಿಹುಲ್ಲಿನ ಮೇಲೆ ಹರಡುವ ಹಾಗೆ ಮಾಡಿಸಿದರು. ಎಳೆದದ್ದು ಮೇಸ್ತ್ರಿಯೇ. ಎಷ್ಟು ಆಳ, ಎಷ್ಟು ಓರೆ ಎಂದು ಇಬ್ಬರೂ ಮಣ್ಣಿನಲ್ಲಿ ಮೊಣಕಾಲೂರಿ ಚರ್ಚೆ ಮಾಡಿದರು. ಆಮೇಲಿನ ಮಳೆಗಳಿಗೆ ಅದು ನಿಂತಿತು.

ಮೇ ಕೊನೆಗೆ ಯಜಮಾನರು ನೋಡಲು ಬಂದರು. ಹುಲ್ಲು ಐದೂ ಕಡೆ ನೆಲ ಹಿಡಿದಿತ್ತು, ದಟ್ಟವಾಗಿರಲಿಲ್ಲ. ಕೆಳಗಿನ ನಾಲ್ಕನ್ನು ನೋಡಿ ಅವರಿಗೆ ಖುಷಿ. ಕೊಳದ ಹತ್ತಿರ ನಿಂತು ಫೋಟೊ ತೆಗೆಸಿಕೊಂಡರು. ಮೇಲೆ ಬಂದ ಮೇಲೆ ಮಾತು ಕಡಿಮೆಯಾಯಿತು. ಐದನೆಯದರ ಹತ್ತಿರ ಕಲ್ಲು ತೋರಿಸಿ, "ಇದನ್ನು ತೆಗೆಯುದಿಲ್ವಾ?" ಎಂದರು. ಮೇಡಂ ವಿವರಿಸಿದರು. "ಹ್ಞೂಂ" ಎಂದರು. ಆರನೆಯದರಲ್ಲಿ, "ಇದು ಇನ್ನೂ ಸರಿ ಮಾಡ್ಲಿಕ್ಕುಂಟು ಅಲ್ವಾ?" ಎಂದು ನನ್ನನ್ನು ಕೇಳಿದರು. ಆಗಿದೆ ಎಂದೆ. "ಇದಾ?" ಎಂದವರು ವಾಚು ನೋಡಿಕೊಂಡರು. "ಕೋರೆಯವನು ಇವತ್ತು ಫೋನ್ ಮಾಡ್ತೇನೆ ಅಂದಿದ್ದ" ಎಂದರು.

ಪದವು ಹೋಯಿತು ಎಂದುಕೊಂಡೆ. ಅವರನ್ನು ದೂರುವ ಹಾಗಿಲ್ಲ. ನನಗೇ ಆ ಗ್ರೀನುಗಳು ಕಣ್ಣಿಗೆ ಹೊಂದಲು ತಿಂಗಳುಗಳೇ ಬೇಕಾಗಿದ್ದವು, ಅವರಿಗೆ ಸಿಕ್ಕಿದ್ದು ಅರ್ಧ ಗಂಟೆ. ಇನ್ನು ನಡೆಯುವುದೂ ಬೇಡ, ಇಲ್ಲೇ ಕೂತುಬಿಡೋಣ ಎನ್ನಿಸಿತು. ಆದರೂ ಅವರ ಹಿಂದೆ ನಡೆದೆ.

ಏಳನೆಯದರ ಅಂಚಿಗೆ ಬಂದು ಯಜಮಾನರು ನಿಂತರು. ಒಂದು ಕ್ಷಣ ನೋಡಿದರು. ಆಮೇಲೆ, ಯೋಚನೆಯನ್ನೇ ಮಾಡದೆ, ಕಾಲಿನ ಚಪ್ಪಲಿ ಬಿಚ್ಚಿ ಬದಿಗೆ ಇಟ್ಟು ಬರಿಗಾಲಲ್ಲಿ ಒಳಗೆ ಹೆಜ್ಜೆ ಹಾಕಿದರು. ಅಡಿಕೆ ಅಂಗಳಕ್ಕೆ ಚಪ್ಪಲಿ ಹಾಕಿ ಯಾರು ಇಳಿಯುತ್ತಾರೆ? ನಡುವಿನ ತನಕ ಹೋಗಿ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ಮೇಲೆ ಅಂಗೈ ಆಡಿಸಿದರು.

"ಯಾರು ಮಾಡಿದ್ದು ಇದನ್ನು?"

"ನಾವೇ ಧಣಿ, ಆಲೆಟ್ಟಿಯವರು" ಎಂದರು ಮೇಸ್ತ್ರಿ.

"ನನ್ನ ಮನೆಯಲ್ಲಿ ಸಹ ಇಷ್ಟು ಮಟ್ಟ ಬರುದಿಲ್ಲ ಮಾರಾಯ. ಇಂಥ ಅಂಗಳಕ್ಕೆ ನಡುವಲ್ಲಿ ಒಂದು ಗುಂಡಿ ಯಾಕೆ ತೋಡಿದ್ದು?"

ಮೇಡಂ ಕೋಲನ್ನೂ ಚೆಂಡನ್ನೂ ಅವರ ಕೈಗೆ ಕೊಟ್ಟರು. ಯಜಮಾನರು ನಾಚಿಕೆಯಿಂದ ನಕ್ಕು ಉರುಳಿಸಿದರು. ತಪ್ಪಿತು. "ಸಪಾಟು ಉಂಟಲ್ಲ, ಹೇಗೆ ತಪ್ಪಿತು?" ಎಂದು ಇನ್ನೊಮ್ಮೆ ಉರುಳಿಸಿದರು. ಮತ್ತೊಮ್ಮೆ. ಬೆವರು ಒರೆಸಿಕೊಂಡರು, ಪಂಚೆ ಮೇಲೆ ಕಟ್ಟಿದರು. ಎಷ್ಟನೆಯದಕ್ಕೋ ಚೆಂಡು ಗುಂಡಿಗೆ ಬಿದ್ದು ಟೊಳ್ಳು ಸದ್ದು ಮಾಡಿದಾಗ ಅವರು ತಿರುಗಿ ನಮ್ಮೆಲ್ಲರ ಮುಖ ನೋಡಿದರು. ಅಷ್ಟು ದೊಡ್ಡ ಮನುಷ್ಯ, ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

"ಆ ಹಿಂದಿನದ್ದರಲ್ಲಿ ಹೇಗೆ ಹೋಗ್ತದೆ ಇದು? ಆ ಗುಡ್ಡೆ ಗುಡ್ಡೆ ಇದ್ದದ್ದರಲ್ಲಿ?"

"ಹೋಗಿ ನೋಡಿ" ಎಂದರು ಮೇಡಂ.

ಚಪ್ಪಲಿ ಅಲ್ಲೇ ಬಿಟ್ಟು, ಕೋಲು ಹಿಡಿದುಕೊಂಡು ಅವರು ಆರನೆಯದಕ್ಕೆ ವಾಪಸ್ ನಡೆದರು. ಅರ್ಧ ದಾರಿಯಲ್ಲಿ ಜೇಬಿನ ಫೋನು ಬಡಿದುಕೊಂಡಿತು. "ಹ್ಞಾಂ, ಹೇಳು... ಇಲ್ಲ ಮಾರಾಯ, ಕೊಡುದಿಲ್ಲ. ಇಲ್ಲ, ಬರುದು ಬೇಡ. ಈಗ ಇಡು, ನನಗೆ ಸ್ವಲ್ಪ ಕೆಲಸ ಉಂಟು" ಎಂದು ಹೇಳಿ ಜೇಬಿಗೆ ಹಾಕಿಕೊಂಡರು.

ನಾನು ಏಳನೆಯದರ ಅಂಚಿನಲ್ಲಿ ಕೂತೆ. ಅಳು ಬಂದ ಹಾಗಾಯಿತು. ಮೇಡಂ ನನ್ನ ಪಕ್ಕದಲ್ಲಿ ಬಂದು ಕೂತರು, ಅಂಗೈಯ ಬೊಬ್ಬೆ ಒಣಗಿದ ಚರ್ಮವನ್ನು ಕೀಳುತ್ತ.

ಆರನೆಯದರಿಂದ ಯಜಮಾನರ ದೊಡ್ಡ ಸ್ವರ ಕೇಳಿತು. "ಇದು ಎಲ್ಲಿಗೆ ಓಡುದು ಮಾರಾಯ್ರೆ? ಎಡಕ್ಕೆ ಹೊಡಿಯುದಾ, ನೇರವಾ?"

ನಾವಿಬ್ಬರೂ ಏಳುವ ಮೊದಲೇ ಮೇಸ್ತ್ರಿ ಮುಳಿಹುಲ್ಲು ದಾಟಿ ಓಡುತ್ತಿದ್ದರು. "ನೇರ ಹೊಡಿಬೇಡಿ ಧಣಿ!" ಎಂದು ಕೂಗುತ್ತಿದ್ದರು. "ಆ ಏರಿನ ಬೆನ್ನಿಗೆ ಬಿಡಿ, ಅಲ್ಲಿಂದ ತಗ್ಗು ಕರಕೊಂಡು ಬರ್ತದೆ!"